ಸ್ಕ್ರೂ ಅಕ್ಕನ ಏಳನೆಯ ಸಾಲು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಹಾಗಂತ ತಲೆಯ ಸ್ಕ್ರೂ ಸಡಿಲ ಎಂದುಕೊಳ್ಳಬೇಡಿ, ಆ ಮಹಡಿಯಲ್ಲಿ ಗಟ್ಟಿ ತಲೆ ಎಂದರೆ ಅವಳದೇ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಬಿಚ್ಚುವುದು. ಫೋನೋ, ರೂಟರೋ, ನೀರಿನ ಮೀಟರೋ, ತಂತಿಯಿಲ್ಲದೆ ಟವರಿನ ಜೊತೆ ಮಾತಾಡುವ ಯಾವ ವಸ್ತು ಬಂದರೂ ಅದರ ಬೆನ್ನಿನ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಿ, ಒಳಗೆ ಏನು ನಡೆಯುತ್ತಿದೆ ಎಂದು ಅಳೆಯಲು ಕೂತರೆ ಊಟದ ನೆನಪೂ ಆಗುತ್ತಿರಲಿಲ್ಲ.

ಅವಳ ಕಂಪನಿ ಸ್ವಂತದ್ದೆಂದು ಒಂದು ವಸ್ತುವನ್ನೂ ತಯಾರಿಸುವುದಿಲ್ಲ. ಅದರ ಬಳಿ ಇರುವುದು ಪೇಟೆಂಟುಗಳು, ಎಂದರೆ ಸಂದೇಶ ಕಳಿಸುವ ಹೊಸ ವಿಧಾನಗಳ ಮೇಲಿನ ಹಕ್ಕು. ಆ ವಿಧಾನ ಬಳಸುವ ತಯಾರಕರು ಪರವಾನಗಿ ತೆಗೆದುಕೊಳ್ಳಬೇಕು. ಕೇಳಿದ ಕೂಡಲೇ ಯಾರು ತೆಗೆದುಕೊಳ್ಳುತ್ತಾರೆ ಹೇಳಿ? ‘ನಿಮ್ಮದನ್ನ ನಾವು ಬಳಸೋದೇ ಇಲ್ಲ’ ಎಂದು ಕೈ ಕೊಡವುತ್ತಾರೆ. ಬಳಸುತ್ತೀರಿ ಎಂದು ತೋರಿಸಿಕೊಡುವವಳು ಸ್ಕ್ರೂ ಅಕ್ಕ. ಪೇಟೆಂಟಿನ ಮಾರುದ್ದದ ವಾಕ್ಯವನ್ನು ತುಂಡು ಮಾಡಿ ಎಡಗಡೆ ಒಂದರ ಕೆಳಗೊಂದು ಬರೆಯುವುದು, ಪ್ರತಿ ತುಂಡಿನ ಎದುರು ತಾನು ಅಳೆದು ಕಂಡ ಪುರಾವೆ ಅಂಟಿಸುವುದು. ಅದಕ್ಕೆ ಚಾರ್ಟ್ ಎನ್ನುತ್ತಾರೆ. ಒಂಬತ್ತು ಸಾಲಿದ್ದರೆ ಒಂಬತ್ತೂ ತಾಳೆಯಾಗಬೇಕು. ಒಂದು ಕೈಕೊಟ್ಟರೂ ಬಂದ ದಾರಿ ಹಿಡಿಯಬೇಕು.

ಇಂಥವಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಮೈದುನನ ಮದುವೆಯಾದ ಮೇಲೆ. ಮನೆಗೆ ಬಂದ ವಾರಗಿತ್ತಿ ಕಾನೂನು ಓದಿದವಳು. ‘ನಮ್ಮಲ್ಲೇ ಒಂದು ಜಾಗ ಖಾಲಿಯಿದೆ, ಅರ್ಜಿ ಹಾಕು’ ಎಂದು ಹೇಳಿ, ಅರ್ಜಿಯನ್ನು ಮುಖ್ಯಸ್ಥರ ಕೈಗೆ ತಾನೇ ತಲುಪಿಸಿದವಳು ಸ್ಕ್ರೂ ಅಕ್ಕ. ತನ್ನ ಆ ಕೈಯನ್ನು ಆಮೇಲೆ ಎಷ್ಟು ಸಲ ಬೈದುಕೊಂಡಳೋ! ನಾಲ್ಕೇ ವರ್ಷದಲ್ಲಿ ವಾರಗಿತ್ತಿ ತಯಾರಕರೊಡನೆ ಕೂತು ಮಾತಾಡುವವಳಾದಳು. ಇವಳು ಮೂರು ವಾರ ಕಣ್ಣು ಸವೆಸಿ ಮಾಡಿದ ಚಾರ್ಟನ್ನು ಅವಳು ಹೋಗಿ ಮೂರು ಗಂಟೆ ಓದುವುದು, ಒಪ್ಪಂದವಾಗುವುದು, ಮುಖ್ಯಸ್ಥರು ಎಲ್ಲರೆದುರು ಅವಳ ಕೈ ಕುಲುಕಿ, ಕೊನೆಗೆ ನೆನಪಾದವರ ಹಾಗೆ ‘ಲ್ಯಾಬಿನವರಿಗೂ ಥ್ಯಾಂಕ್ಸ್’ ಎನ್ನುವುದು. ಲ್ಯಾಬಿನವರಂತೆ, ಲ್ಯಾಬಿನವರು!

ಮನೆಯಲ್ಲಾದರೂ ನೆಮ್ಮದಿಯಿತ್ತೇ? ಒಂದೇ ಕಟ್ಟಡ, ಕೆಳಗೆ ಇವಳ ಸಂಸಾರ, ಮೇಲೆ ಅವಳದು. ಅತ್ತೆ ಊಟಕ್ಕೆ ಕೆಳಗೆ, ಹರಟೆಗೆ ಮೇಲೆ. ಒಂದು ದಿನ ಯಾರೋ ನೆಂಟರು ಸೊಸೆಯರ ಕೆಲಸ ಏನೆಂದು ಕೇಳಿದರು.

“ಚಿಕ್ಕವಳು ದೊಡ್ಡ ದೊಡ್ಡ ಕಂಪನಿಗಳ ಬಾಯಿ ಮುಚ್ಚಿಸ್ತಾಳೆ ಕಣ್ರೀ,” ಎಂದರು ಅತ್ತೆ.

“ದೊಡ್ಡವಳು?”

“ಅವಳು ಫೋನ್ ರಿಪೇರಿ ಮಾಡ್ತಾಳೆ.”

ಅಡುಗೆಮನೆಯಲ್ಲಿದ್ದ ಸ್ಕ್ರೂ ಅಕ್ಕನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿದ ಸದ್ದು ಮೇಲಿನ ಮನೆಗೂ ಕೇಳಿತು. ರಾತ್ರಿ ಗಂಡನ ಹತ್ತಿರ ಹೇಳಿಕೊಂಡರೆ ಅವನು ‘ಹೋಗ್ಲಿ ಬಿಡು, ಅಮ್ಮನಿಗೆ ಏನು ಗೊತ್ತಾಗುತ್ತೆ’ ಎಂದು ಮಗ್ಗುಲಾದ. ಹೊಟ್ಟೆ ಉರಿಯುತ್ತಿರುವವಳಿಗೆ ಹೋಗ್ಲಿ ಬಿಡು ಎನ್ನುವ ಗಂಡನಿಗಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ?

ಹೀಗಿರುವಾಗ ನೀರಿನ ಮೀಟರಿನ ತಯಾರಕರ ಸರದಿ ಬಂತು. ಸಿಗ್ನಲ್ ಕ್ಷೀಣವಾದಾಗ ಆ ಮೀಟರು ಒಂದೇ ಸಂದೇಶವನ್ನು ನಾಲ್ಕಾರು ಸಲ ಕಳಿಸುತ್ತದೆ. ಎಷ್ಟು ಸಲ ಕಳಿಸುತ್ತೇನೆ ಎಂದು ಟವರಿಗೆ ಮೊದಲೇ ತಿಳಿಸುತ್ತದೆ. ಹಾಗೆ ತಿಳಿಸುವುದೇ ಪೇಟೆಂಟಿನ ಏಳನೆಯ ಸಾಲು. ಚಾರ್ಟ್ ಹೋದ ತಿಂಗಳೇ ತಯಾರಾಗಿತ್ತು, ಒಂಬತ್ತೂ ತಾಳೆಯಾಗಿದ್ದವು. ಗುರುವಾರ ಮಾತುಕತೆ. ಮಂಗಳವಾರ, ತಯಾರಕರು ಅದೇ ವಾರ ಬಿಟ್ಟಿದ್ದ ಹೊಸ ಸಾಫ್ಟ್‌ವೇರನ್ನು ಮೀಟರಿಗೆ ಹಾಕಿ ಸ್ಕ್ರೂ ಅಕ್ಕ ಮತ್ತೊಮ್ಮೆ ಅಳೆದಳು. ಯಾರೂ ಹೇಳಿರಲಿಲ್ಲ, ಅವಳ ಅಭ್ಯಾಸವೇ ಹಾಗೆ. ನೋಡುತ್ತಾಳೆ, ಮೀಟರು ಟವರಿಗೆ ಏನನ್ನೂ ತಿಳಿಸದೆ ನೇರವಾಗಿ ಕಳಿಸಲು ಶುರುಮಾಡುತ್ತಿದೆ. ಮೂರು ಸಲ ಅಳೆದಳು. ಏಳನೆಯ ಸಾಲು ಇರಲಿಲ್ಲ.

ಹೇಳಲೆಂದೇ ಆಫೀಸಿನ ಮೇಲಿನ ಮಹಡಿಗೆ ಹೋದಳು, ಅದು ಸುಳ್ಳಲ್ಲ. ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮುಖ್ಯಸ್ಥರು ವಾರಗಿತ್ತಿಗೆ ಹೇಳುತ್ತಿದ್ದರು: “ಈ ಮೀಟರಿನದೊಂದು ಆಗ್ಲಿ, ಮುಂದಿನ ತಿಂಗಳಿಂದ ಉಪಮುಖ್ಯಸ್ಥೆ ನೀವೇ.” ವಾರಗಿತ್ತಿ ನಕ್ಕಳು. ಆ ನಗು ಕಂಡದ್ದೇ ಸ್ಕ್ರೂ ಅಕ್ಕನ ಮೈಯೆಲ್ಲ ಉರಿದುಹೋಯಿತು. ಹಾಗೇ ತಿರುಗಿ ಮೆಟ್ಟಿಲಿಳಿದಳು.

ಮಾರನೆಯ ದಿನ ಮನೆಗೆ ಹೊರಡುವಾಗ ವಾರಗಿತ್ತಿಯೇ ಲ್ಯಾಬಿನ ಬಾಗಿಲಿಗೆ ಬಂದಳು.

“ಅಕ್ಕ, ಮೀಟರಿಂದು ಎಲ್ಲ ಸರಿ ಇದೆ ತಾನೇ?”

“ನಾನು ಅಳೆದದ್ದು ಯಾವತ್ತು ತಪ್ಪಾಗಿದೆ ಹೇಳು?” ಎಂದಳು ಸ್ಕ್ರೂ ಅಕ್ಕ, ಬಟ್ಟಲಿನ ಮೇಲಿಂದ ತಲೆಯೆತ್ತದೆ.

“ಅಷ್ಟು ಸಾಕು ಬಿಡಿ,” ಎಂದು ಅವಳು ನಿಶ್ಚಿಂತೆಯಿಂದ ಹೋದಳು.

ಗುರುವಾರ ಸಂಜೆಯವರೆಗೆ ನಡೆಯಬೇಕಿದ್ದ ಮಾತುಕತೆ ಮಧ್ಯಾಹ್ನಕ್ಕೇ ಮುಗಿಯಿತು. ತಯಾರಕರ ಇಂಜಿನಿಯರ್ ಹೊಸ ಸಾಫ್ಟ್‌ವೇರಿನ ಒಂದು ಮೀಟರನ್ನು ಮೇಜಿನ ಮೇಲಿಟ್ಟು, ‘ನಿಮ್ಮ ಏಳನೇ ಸಾಲು ಇದರಲ್ಲಿ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ’ ಎಂದು ಕೇಳಿದನಂತೆ. ವಾರಗಿತ್ತಿ ಚಾರ್ಟಿನ ಹಾಳೆ ಮಗುಚುತ್ತಲೇ ಇದ್ದಳಂತೆ. ಆ ಕಡೆಯವರು ಮುಸಿಮುಸಿ ನಗುತ್ತ ಕಡತ ಮಡಚಿ ಎದ್ದರಂತೆ. ಸುಳ್ಳು ಯಾಕೆ ಹೇಳಬೇಕು, ಇಷ್ಟು ಕೇಳಿದಾಗ ಸ್ಕ್ರೂ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಧ್ಯಾಹ್ನ ಡಬ್ಬಿಯ ಊಟ ಒಂದಗುಳೂ ಉಳಿಯಲಿಲ್ಲ.

ಮೂರು ಗಂಟೆಗೆ ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು. ವಾರಗಿತ್ತಿಯ ಕಣ್ಣು ಊದಿಕೊಂಡಿತ್ತು.

“ಯಾರ ಚಾರ್ಟೇ ಆಗ್ಲಿ, ಹೊರಗೆ ಹೋಗೋ ಮೊದಲು ಇನ್ನೊಬ್ಬರು ಅಳೆದು ಎರಡನೇ ಸಹಿ ಹಾಕ್ಬೇಕು ಅನ್ನೋ ನಿಯಮ ಇದೆ ಅಲ್ವಾ?” ಎಂದರು ಮುಖ್ಯಸ್ಥರು. “ಇದರಲ್ಲಿ ಯಾಕಿಲ್ಲ?”

“ಬೇಡ ಅಂದದ್ದು ನಾನೇ ಸಾರ್,” ಎಂದಳು ವಾರಗಿತ್ತಿ. “ಇದರಲ್ಲಿ ಅಂತಲ್ಲ, ಮಾತುಕತೆ ನನ್ನ ಕೈಗೆ ಬಂದಾಗಿಂದ ಅಕ್ಕನ ಯಾವ ಚಾರ್ಟಿಗೂ ನಾನು ಎರಡನೇ ಸಹಿ ಹಾಕಿಸಿಲ್ಲ. ಅವರು ಅಳೆದದ್ದನ್ನ ಇನ್ನೊಬ್ಬರು ಅಳೆಯೋದು ಅಂದ್ರೆ ಅವರಿಗೆ ಅವಮಾನ ಮಾಡಿದ ಹಾಗೆ. ಪ್ರತಿ ಸಲ ಜವಾಬ್ದಾರಿ ನಂದು ಅಂತ ಕಡತದಲ್ಲಿ ಬರ್ದಿಟ್ಟಿದ್ದೀನಿ. ತಪ್ಪು ನಂದೇ.”

ಸ್ಕ್ರೂ ಅಕ್ಕನಿಗೆ ಈ ವಿಷಯ ಗೊತ್ತೇ ಇರಲಿಲ್ಲ, ಚಾರ್ಟ್ ತನ್ನ ಕೈ ಬಿಟ್ಟ ಮೇಲೆ ಯಾರೋ ಅಳೆದು ಸಹಿ ಹಾಕುತ್ತಾರೆ ಎಂದುಕೊಂಡಿದ್ದಳು. ಕೇಳಿದ ಕೂಡಲೇ ಕರುಳು ಚುರ್ ಎಂದಿತು ಎನ್ನೋಣವೇ? ಇಲ್ಲ, ಮೊದಲು ಎದ್ದದ್ದು ಅದೇ ಹಾಳು ಉರಿ. ಬಿದ್ದಾಗಲೂ ದೊಡ್ಡವಳಾಗುವುದು ಇವಳೇ! ಆಮೇಲೆ ಬಂದದ್ದು ನಾಚಿಕೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಮುಚ್ಚಿಕೊಂಡಿರಲು ಅವಳಿಂದಾಗಲಿಲ್ಲ.

“ಮಂಗಳವಾರ ಅಳೆದಿದ್ದೆ ಸಾರ್. ಏಳನೇದು ಇರ್ಲಿಲ್ಲ. ಗೊತ್ತಿದ್ದೂ ಹೇಳ್ಲಿಲ್ಲ.”

“ಯಾಕ್ರೀ?”

“ಹೊಟ್ಟೆಕಿಚ್ಚು ಸಾರ್, ಇನ್ನೇನು.”

ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಏನು ಬೈದರೋ ಸ್ಕ್ರೂ ಅಕ್ಕನಿಗೆ ಸರಿಯಾಗಿ ಕೇಳಲಿಲ್ಲ, ಅವಳು ನೋಡುತ್ತಿದ್ದದ್ದು ವಾರಗಿತ್ತಿಯನ್ನು. ಕೂಗಾಡಲಿ, ಅಳಲಿ, ಅತ್ತೆಗೆ ಹೇಳುತ್ತೇನೆ ಎನ್ನಲಿ ಎಂದು ಕಾದಳು. ವಾರಗಿತ್ತಿ ಅದ್ಯಾವುದನ್ನೂ ಮಾಡಲಿಲ್ಲ.

“ಇನ್ಮೇಲೆ ಎಲ್ಲರ ಹಾಗೆ ಅವರ ಚಾರ್ಟಿಗೂ ಎರಡನೇ ಸಹಿ ಇರ್ಲಿ ಸಾರ್,” ಎಂದಷ್ಟೇ ಹೇಳಿ ಎದ್ದುಹೋದಳು.

ಸ್ಕ್ರೂ ಅಕ್ಕನ ಕೆಲಸ ಉಳಿಯಿತು, ಬಡ್ತಿ ನಿಂತಿತು. ಉಪಮುಖ್ಯಸ್ಥೆಯ ಕುರ್ಚಿ ವಾರಗಿತ್ತಿಗೂ ಸಿಗಲಿಲ್ಲ. ಮುಂದಿನ ತಿಂಗಳು ಒಂದು ರೂಟರಿನ ಚಾರ್ಟ್ ಮುಗಿಸಿದಾಗ, ಪಕ್ಕದ ಮೇಜಿನ ಮುದಿ ಇಂಜಿನಿಯರ್ ಸಂಕೋಚದಿಂದ ಕೈ ಹೊಸೆಯುತ್ತ ಬಂದರು.

“ನಿಮ್ಮದನ್ನ ನಾನೇನು ಅಳೆಯೋದು ಅಕ್ಕ. ಸುಮ್ನೆ ಸಹಿ ಹಾಕಿಬಿಡ್ಲಾ?”

“ಬೇಡ. ಅಳೆದೇ ಹಾಕಿ,” ಎಂದು ಸ್ಕ್ರೂ ಅಕ್ಕ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು.

ಅವರು ಅಳೆಯುತ್ತಿರುವಾಗಲೇ ವಾರಗಿತ್ತಿ ಬಂದಳು. ಇಬ್ಬರೂ ಅಲ್ಲೇ ಇದ್ದರು, ಒಬ್ಬರು ಕೂತು, ಒಬ್ಬಳು ನಿಂತು. “ಎಲ್ಲ ಸರಿ ಇದೆ ತಾನೇ?” ಎಂದು ಅವಳು ಕೇಳಿದ್ದು ಕೂತವರನ್ನು.

“ಸರಿ ಇದೆಯಮ್ಮ,” ಎಂದರು ಅವರು.

“ಅಷ್ಟು ಸಾಕು,” ಎಂದು ಅವಳು ಹೋದಳು. ಸ್ಕ್ರೂ ಅಕ್ಕನಿಗೆ ಆ ಮುದುಕರ ಮೇಲೆ ಆದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ.