ರಾಶಿಗೆ ಬೆನ್ನು ಮಾಡಿ ನಿಂತವಳು

ಕೆಲವು ವರ್ಷಗಳ ಹಿಂದೆ ಜಾವಗಲ್ಲಿನ ಸಮುದಾಯ ಭವನದಲ್ಲಿ ಆ ಮಧ್ಯಾಹ್ನ ಇದ್ದವರು ಮೂವರೇ: ಗೋಡೆಗೆ ಚಿತ್ರ ಬರೆದ ಮಹದೇವ, ಕಣ್ಣು ಕಳೆದುಕೊಂಡಿದ್ದ ಪುಟ್ಟಜ್ಜಿ, ನಾನು. ಕಾಣದ್ದನ್ನು ಕಂಡೆವೆನ್ನುವವರನ್ನು ನೋಡಿ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ, ಅಷ್ಟೇ. ನಂಬುತ್ತೇನೆಂದೂ ಹೇಳಲಾರೆ.

ಹಿಂದಿನ ಕಾಲದ ಊರ ಬದುಕನ್ನು ಮಹದೇವ ಗೋಡೆ ತುಂಬ ಬರೆದಿದ್ದ. ಅದನ್ನು ವಿವರಿಸಿ ಪಕ್ಕದಲ್ಲಿ ತೂಗುಹಾಕಲು ಒಂದು ಪುಟ ಬರೆದುಕೊಡುವ ಕೆಲಸ ನನ್ನದು. ಕಣದ ಪದ್ಧತಿಗಳನ್ನೆಲ್ಲ ಅವನಿಗೆ ಹೇಳಿಕೊಟ್ಟವರು ಅಜ್ಜಿಯೇ.

"ಏನ್ಲಾ ಮಾದೇವ, ನಾನು ಹೇಳಿದ್ದೊಂದು ನೀನು ಬಳಿದಿದ್ದೊಂದು ಆಗಿದ್ರೆ ಆ ಬ್ರಶ್ಶು ಕಿತ್ಕೊತೀನಿ ನೋಡು. ಮೇಷ್ಟ್ರೇ, ನೀವು ಹೇಳಿ, ಏನೇನೈತೆ?"

ನಾನು ಎಡಗಡೆಯಿಂದ ಹೇಳುತ್ತ ಬಂದೆ. ತೆಂಗಿನ ಮರಗಳು, ಕಲ್ಲಿನ ಗುಂಡು ಎಳೆಯುವ ಎತ್ತುಗಳು, ಮೊರ ಹಿಡಿದು ರಾಗಿ ತೂರುವ ಹೆಂಗಸರು, ನಡುವೆ ರಾಗಿಯ ರಾಶಿ, ಅದರ ಪೂಜೆಗೆ ಕೈಮುಗಿದು ನಿಂತ ಮನೆಮಂದಿ.

"ಇವಳೊಬ್ಬಳು ರಾಶಿಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿದ್ದಾಳೆ. ಹಸಿರು ಸೀರೆ. ಎರಡೂ ಕೈ..." ಎನ್ನುವಷ್ಟರಲ್ಲಿ ಮಹದೇವ ತಡೆದ.

"ಅಯ್ಯೋ ಸಾರ್, ಪೂಜೆ ಹೊತ್ನಲ್ಲಿ ರಾಶಿಗೆ ಯಾರಾದ್ರೂ ಬೆನ್ನು ತೋರಿಸ್ತಾರಾ? ಹಂಗೆ ಬರೆದ್ರೆ ಅಜ್ಜಿ ನನ್ನ ಊರು ಬಿಡಿಸ್ತಾರೆ. ಅಂಥೋಳನ್ನ ನಾನು ಬರೆದೇ ಇಲ್ಲ."

ಅಜ್ಜಿ ನಗಲಿಲ್ಲ. "ಹಂಗೆ ನಿಂತೋಳು ನಮ್ಮವ್ವ ಒಬ್ಳೇ," ಎಂದರು.

ಆಗ ಅಜ್ಜಿಗೆ ನಾಲ್ಕೋ ಐದೋ ವರ್ಷ. ಪೂಜೆಯ ನಡುವೆ ಹಠ ಹಿಡಿದು ಅತ್ತರಂತೆ. ಅವ್ವ ಮಗಳ ಕಡೆ ತಿರುಗಿದಳು. ಹಿರಿಯರು ಎಲ್ಲರೆದುರು ಬೈದರು. ಅಂದು ಸಂಜೆ ನೀರಿಗೆಂದು ಹೋದ ಅವ್ವ ಮರಳಿ ಬರಲಿಲ್ಲ. ಇಷ್ಟು ವರ್ಷ ಇದನ್ನು ಅಜ್ಜಿ ಯಾರ ಮುಂದೆಯೂ ಆಡಿರಲಿಲ್ಲ.

"ಮಕ ನೋಡಿ ಹೇಳಿ ಮೇಷ್ಟ್ರೇ. ನನ್ ಮ್ಯಾಲೆ ಸಿಟ್ಟಾಗವ್ಳಾ?"

ಮತ್ತೆ ಗೋಡೆ ನೋಡಿದೆ. ಆ ಜಾಗದಲ್ಲಿ ಹಾರುವ ಹೊಟ್ಟಿನ ಮಸುಕು ಬಣ್ಣವಿತ್ತು. ಹೆಂಗಸಿರಲಿಲ್ಲ. ಹತ್ತಿರ ಹೋಗಿ ಆ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಆ ಮೌನಕ್ಕೆ ಅಜ್ಜಿ ತಮ್ಮದೇ ಅರ್ಥ ಮಾಡಿಕೊಂಡರು.

"ಗೊತ್ತಿತ್ತು ಬಿಡಿ," ಎಂದು ಗೋಡೆ ಸವರಿಕೊಂಡು ಹೊರಟುಹೋದರು.

ಬಿಸಿಲಿನ ಆಟವೋ, ನನ್ನ ಕಣ್ಣಿನ ದೋಷವೋ, ಇವತ್ತಿಗೂ ತಿಳಿದಿಲ್ಲ. ಆದರೆ ಕಂಡದ್ದು ಚೆನ್ನಾಗಿ ನೆನಪಿದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಳುವ ಮಗುವನ್ನು ಎತ್ತಿಕೊಳ್ಳುವವಳ ಹಾಗೆ ಎರಡೂ ಕೈ ಮುಂದೆ ಚಾಚಿದ್ದಳು.

ಇದನ್ನು ಹೇಳಲೆಂದೇ ಮುಂದಿನ ಸೋಮವಾರ ಅರಸೀಕೆರೆಯಲ್ಲಿ ಜಾವಗಲ್ಲಿನ ಬಸ್ಸು ಹತ್ತಿದೆ. ಅಜ್ಜಿಯ ಬೀದಿಗೆ ತಿರುಗಿದಾಗ, ಅವರ ಮನೆಯ ಮುಂದೆ ಸೌದೆ ಬೆಂಕಿ ಹಾಕಿಕೊಂಡು ಜನ ತಲೆ ತಗ್ಗಿಸಿ ಕುಳಿತಿದ್ದರು.