ಬಸವಣ್ಣನ ವಾರದ ಮೇವು

ಬಳ್ಳಾರಿ ಗಾಂಧಿನಗರದಲ್ಲಿ ನಮ್ಮ ಮಹಿಳಾ ಸಂಘಕ್ಕೆ ಒಂದೇ ಕೋಣೆಯ ಆಫೀಸು. ಅಲ್ಲಿ ಕೂತು ಹೆರಿಗೆ ರಜೆಯ ಬಗ್ಗೆ ನಾಲ್ಕು ಪುಟದ ಕರಪತ್ರ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಮಾಲೀಕರು ಅದನ್ನು ಮಡಚಿ ಗಾಳಿ ಹಾಕಿಕೊಂಡರು. ಭತ್ತ ಹಾಕುವ ರೈತರು ಹೌದೆಂದರೆ ಕೆಲಸದ ಹೆಂಗಸರಿಗೆ ಪಗಾರ ಸಮೇತ ರಜೆ ಕೊಡುವುದಾಗಿ ಹೇಳಿ ನಕ್ಕರು. ರೈತರು ಒಪ್ಪುವುದಿಲ್ಲವೆಂಬ ಧೈರ್ಯ ಅವರಿಗೆ. ನನಗೆ ಮೈಯೆಲ್ಲ ಉರಿಯಿತು, ಒಳಗೊಳಗೇ ಖುಷಿಯೂ ಆಯಿತು. ದಾರಿ ಅವರೇ ತೋರಿಸಿದ್ದರಲ್ಲ.

ಆ ಗಿರಣಿಗೆ ಕುರುಗೋಡು ಕಡೆಯ ಬಾದನಹಟ್ಟಿಯ ರೈತರ ಭತ್ತವೂ ಹೋಗುತ್ತದೆ. ಮರುವಾರವೇ ಅಲ್ಲಿನ ಗ್ರಾಮಸಭೆಗೆ ಹೊರಟೆವು. ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಒಬ್ಬಾಕೆ ಜೊತೆಗೆ ಬಂದಳು, ಏಳು ತಿಂಗಳ ಬಸುರಿ. ಮೊದಲ ಹೆರಿಗೆಯಾದ ಹನ್ನೆರಡನೇ ದಿನಕ್ಕೇ ಮೊರ ಹಿಡಿದವಳು. ಈ ಸಲವೂ ಹಾಗೇ ಆದರೆ ತಾನು ಉಳಿಯುವುದಿಲ್ಲವೆಂದು ಬಸ್ಸಿನಲ್ಲಿ ಹೇಳಿದಳು.

ಸಭೆಯಲ್ಲಿ ನಾನು ವೇತನಸಹಿತ ರಜೆ, ಸಾಮಾಜಿಕ ಭದ್ರತೆ ಅಂತ ಶುರುಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದುಕೊಂಡೆ. ಈಗ ನೋಡಿದರೆ ಕೋಣ ನಾನೇ. ಮುಂದೆ ಕೂತಿದ್ದ ಹಿರಿಯ ರೈತರೊಬ್ಬರು ದುಡಿಯದ ದಿನಕ್ಕೆ ಕೂಲಿ ಎಲ್ಲಿಯ ನ್ಯಾಯ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಸೊಂಟ ಹಿಡಿದು ಎದ್ದುನಿಂತಳು.

"ಅಜ್ಜಾರ, ಸೋಮವಾರ ಎತ್ತು ಹೂಡ್ತೀರೇನ್ರಿ?"

"ಇಲ್ಲವ್ವ, ಅದು ಬಸವಣ್ಣನ ವಾರ. ಯಾರೂ ನೊಗ ಹೊರಸಂಗಿಲ್ಲ."

"ಅವತ್ತು ಮೇವು ಹಾಕಂಗಿಲ್ಲೇನ್ರಿ ಮತ್ತ?"

ನಮ್ಮ ಮನೆಯಲ್ಲೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ತಿಂಗಳುಗಟ್ಟಲೆ ಬರೆದ ನನಗೆ ಅದು ಹೊಳೆದಿರಲೇ ಇಲ್ಲ. ಹಿರಿಯರು ತಪ್ಪಾಯಿತವ್ವ ಎಂದು, ಈಕೆಗೆ ರಜೆ, ಪಗಾರ ಎರಡೂ ಕೊಡಲಿ ಅಂತ ಠರಾವು ಬರೆಯಲು ಪಂಚಾಯಿತಿ ಕಾರ್ಯದರ್ಶಿಗೆ ಹೇಳಿದರು. ಹಿಂದೆ ನಿಂತಿದ್ದ ಹೆಂಗಸರೆಲ್ಲ ಮುಂದಕ್ಕೆ ನುಗ್ಗಿದರು. ಗೆದ್ದೆವೆಂಬ ಖುಷಿಯಲ್ಲಿ ನಾನು ಕೂತುಬಿಟ್ಟೆ. ಆಕೆ ಮಾತ್ರ ಕೂರಲಿಲ್ಲ.

"ನನಗೊಬ್ಬಾಕಿಗೆ ಬ್ಯಾಡ್ರಿ. ಗಿರಣ್ಯಾಗ ದುಡಿಯೋ ಎಲ್ಲಾರಿಗೂ ಅಂತ ಬರೀರಿ."

ಕಾರ್ಯದರ್ಶಿ ಬರೆದದ್ದನ್ನು ಹೊಡೆದುಹಾಕಿ ಹೊಸ ಸಾಲು ಬರೆದರು. ಮೊದಲ ಸಹಿ ಆ ಹಿರಿಯರದೇ. ಅದನ್ನು ಓದಿದ ಮಾಲೀಕರಿಗೆ ಆಡಿದ ಮಾತು ನುಂಗಲಾಗಲಿಲ್ಲ. ಪಗಾರ ಸಮೇತ ಮೂರು ತಿಂಗಳ ಬಾಣಂತನ ಮುಗಿಸಿ ಆಕೆ ಗಿರಣಿಗೆ ಮರಳಿದ ದಿನವೇ, ಪಕ್ಕದಲ್ಲಿ ಕೂರುವ ಹುಡುಗಿ ಯಾರ ಕಾಲೂ ಹಿಡಿಯದೆ ಹೆರಿಗೆಗೆ ತವರಿಗೆ ಹೋದಳು.