ವರ್ನಾಳ ಹಿಮದ ಬೆಂಚು

ಬ್ರ್ಯಾಂಡನ್ ಎಂಬ ಚಳಿಯೂರಿನ ನಮ್ಮ ಕರ್ಲಿಂಗ್ ಕ್ಲಬ್ಬಿಗೆ ಇವತ್ತಿಗೂ ಮಾಸ್ಕ್ ಹಾಕಿಕೊಂಡು ಬರುವವಳು ವರ್ನಾ ಒಬ್ಬಳೇ. ಮಾಸ್ಕಿನೊಳಗಿಂದಲೇ ಅವಳು ಗದರಿದರೆ ಮಂಜುಗಡ್ಡೆಯ ಮೇಲೆ ಜಾರುತ್ತಿರುವ ಆಟದ ಕಲ್ಲೂ ಹೆದರಿ ದಾರಿ ಬದಲಿಸುತ್ತದೆ ಎಂದು ನಾವು ಆಡಿಕೊಳ್ಳುತ್ತೇವೆ. ಅವಳಿಗೆ ಕಿಡ್ನಿ ಕಸಿಯಾಗಿದೆ. ಅದನ್ನು ಮೈ ಹೊರದಬ್ಬದಿರಲೆಂದು ನುಂಗುವ ಮಾತ್ರೆಗಳು ಮೈಯ ಕಾವಲುಗಾರರನ್ನೆಲ್ಲ ಮಲಗಿಸಿಬಿಡುತ್ತವೆ. ಲಸಿಕೆ ಬಂದು ಬಾಗಿಲು ಬಡಿದರೂ ಅವರು ಏಳುವುದು ಕಷ್ಟ. ಐದನೆಯ ಕೋವಿಡ್ ಲಸಿಕೆಯ ನಂತರವೂ ರಕ್ತಪರೀಕ್ಷೆಯಲ್ಲಿ ಪ್ರತಿಕಾಯ ಕಾಣಲಿಲ್ಲ. ಪರೀಕ್ಷೆಯೊಂದೇ ಎಲ್ಲವನ್ನೂ ಹೇಳುವುದಿಲ್ಲ ಎಂದರು ಡಾಕ್ಟರು. "ಒಂದು ಸುತ್ತಲ್ಲಿ ಸೊನ್ನೆ ಬಂದ್ರೆ ಯಾರಾದ್ರೂ ಆಟ ಬಿಟ್ಟು ಹೋಗ್ತಾರಾ?" ಎಂದು ವರ್ನಾ ಆರನೆಯದಕ್ಕೆ ತೋಳು ಚಾಚಿದಳು. ಗೆದ್ದವರು ಸೋತವರಿಗೆ ಕುಡಿಸಬೇಕೆಂಬುದು ನಮ್ಮ ಆಟದ ಕಟ್ಟಳೆ. ಜೊತೆಗೆ ಕೂತು ಕುಡಿಯಲು ಅವಳೂ ಮಾಸ್ಕ್ ತೆಗೆಯಬೇಕಲ್ಲ, ಅದಕ್ಕೇ ವರ್ನಾ ಗೆದ್ದ ದಿನ ಸೋತವರೆಲ್ಲ ಹೊರಗೆ ಹಿಮ ಕವಿದ ಬೆಂಚಿನ ಮೇಲೆ ಕೂತು ಕುಡಿಯಬೇಕು. "ಕುಡಿಸ್ಬೇಕು ಅಂತಿದೆ, ಒಳಗೇ ಕುಡಿಸ್ಬೇಕು ಅಂತ ಎಲ್ಲಿದೆ?" ಎಂಬುದು ಅವಳ ವಾದ. ಎಲ್ಲರಿಗಿಂತ ಹೆಚ್ಚು ಗೊಣಗುವವನು ಎದುರು ತಂಡದ ನಾಯಕ ಓರೆಸ್ಟ್. ಹೋದ ವಾರ ಸೋತವನು, ಬಿಯರೂ ಹೆಪ್ಪುಗಟ್ಟುವ ಆ ಚಳಿಯಲ್ಲಿ, "ಊರೇ ಮರೆತಿರೋ ಕಾಯಿಲೆಗೆ ಇನ್ನೂ ಎಷ್ಟು ದಿನ ಹೆದರ್ತೀಯೆ?" ಎಂದ. ವರ್ನಾ ಬೆಂಚಿನ ಹಿಮವನ್ನು ಕೈಗವಸಿನಿಂದ ಒರೆಸಿ ಅವನಿಗೆ ಜಾಗ ಮಾಡಿದಳು. "ಹೆದರಿದ್ರೆ ಮನೇಲಿರ್ತಿದ್ದೆ. ಕಿಡ್ನಿ ಕೊಟ್ಟೋನು ನೀನು, ಕಾಯೋಳು ನಾನು. ಬಾಯ್ಮುಚ್ಕೊಂಡು ಕುಡಿ." ಓರೆಸ್ಟ್ ಕೋಟಿನ ಮೇಲಿಂದಲೇ ಎಡ ಪಕ್ಕೆಯ ಹಳೆಯ ಆಪರೇಷನ್ ಗಾಯದ ಗುರುತನ್ನೊಮ್ಮೆ ಸವರಿಕೊಂಡು ಅವಳ ಪಕ್ಕ ಕೂತ.